ಹಳೆ ಕಂಪ್ಯೂಟರಿಗೆ ಲಿನಕ್ಸ್: 'ಯಾವುದು ಹಾಕಲಿ' ಅನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಜಯಪುರ, ಬಾಗಲಕೋಟೆ ಕಡೆಯ ಝೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಸೊಸೈಟಿ ಕಚೇರಿ, ಕಾಲೇಜು ಲ್ಯಾಬ್‌ಗಳಲ್ಲಿ ಇರುವ ಎಷ್ಟೋ ಕಂಪ್ಯೂಟರ್‌ಗಳು ಈ ಸುದ್ದಿಯ ನಡುವೆ ಸಿಕ್ಕಿಕೊಂಡಿವೆ. ಅವು ಕೆಟ್ಟಿಲ್ಲ. ಚೆನ್ನಾಗಿಯೇ ನಡೆಯುತ್ತಿವೆ. ಆದರೆ ವಿಂಡೋಸ್ 11 ಅವುಗಳಲ್ಲಿ ಕೂರುವುದಿಲ್ಲ.

ರಿಪೇರಿ ಮಾಡುವವರನ್ನು ಕೇಳಿದರೆ 'ಲಿನಕ್ಸ್ ಹಾಕಿಸಿಬಿಡಿ' ಅನ್ನುತ್ತಾರೆ, ಅಂದರೆ ವಿಂಡೋಸ್ ಜಾಗದಲ್ಲಿ ಕೂರುವ ಬೇರೆ ಆಪರೇಟಿಂಗ್ ಸಿಸ್ಟಮ್. ಅಲ್ಲಿಂದ ಮುಂದೆ ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ತಾಳೆ ಆಗುವುದಿಲ್ಲ. ಒಬ್ಬರು ಉಬುಂಟು ಅಂತಾರೆ, ಇನ್ನೊಬ್ಬರು ಮಿಂಟ್ ಅಂತಾರೆ, ಎಂಜಿನಿಯರಿಂಗ್ ಓದುವ ಹುಡುಗ 'ಕಾಲಿ ಲಿನಕ್ಸ್' ಹಾಕಿಕೊಡುತ್ತೇನೆ ಅಂತಾನೆ. ನೆಟ್‌ವರ್ಕಿನಿಂದ ಒಳಬರುವವರನ್ನು ತಡೆಯುವ ಫೈರ್‌ವಾಲ್ ಮೊದಲು ಆನ್ ಮಾಡಿ ಅಂತ ಒಬ್ಬರು, ಲಿನಕ್ಸಿಗೆ ಅದೆಲ್ಲ ಯಾಕೆ ಅಂತ ಮತ್ತೊಬ್ಬರು. ಸಾಫ್ಟ್‌ವೇರ್ ಹಾಕುವ ಬಗೆಗಳಲ್ಲಿ ಸ್ನ್ಯಾಪ್ ಮುಟ್ಟಲೇಬೇಡಿ, ಫ್ಲಾಟ್‌ಪ್ಯಾಕ್ ಹಾಕಿ ಅನ್ನುವ ಮಾತು ಬೇರೆ.

ಈ ಗದ್ದಲದಲ್ಲಿ ಜಾಸ್ತಿ ಚರ್ಚೆ ಆಗುವುದು ಡಿಸ್ಟ್ರೋದ, ಅಂದರೆ ಉಬುಂಟು, ಮಿಂಟ್ ಥರದ ಲಿನಕ್ಸ್ ಬಗೆಯ, ಹೆಸರಿನ ಬಗ್ಗೆ. ಆದರೆ ಕಂಪ್ಯೂಟರ್ ನಾಲ್ಕು ವರ್ಷ ತಕರಾರಿಲ್ಲದೆ ನಡೆಯುತ್ತದೋ ಇಲ್ಲವೋ ಅನ್ನುವುದು ಹೆಸರಿನಿಂದ ತೀರ್ಮಾನ ಆಗುವುದಿಲ್ಲ. ಅದಕ್ಕೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ, ಅದರೊಳಗಿನ ಸಾಫ್ಟ್‌ವೇರ್ ಎಲ್ಲಿಂದ ಬರುತ್ತದೆ, ನೆಟ್‌ವರ್ಕಿನಿಂದ ಅದರೊಳಗೆ ಯಾರು ಬರಬಹುದು, ಇವುಗಳಿಂದ ಆಗುತ್ತದೆ.

ವಿಂಡೋಸ್ 11 ಯಾಕೆ ಕೂರುವುದಿಲ್ಲ

ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಸೆಕ್ಯೂರ್ ಬೂಟ್ ಬೇಕು, ಕನಿಷ್ಠ 4 ಜಿಬಿ ರ‍್ಯಾಮ್ ಬೇಕು. ಪ್ರೊಸೆಸರ್ ಇಂಟೆಲ್‌ನದ್ದಾದರೆ ಸಾಮಾನ್ಯವಾಗಿ 8ನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಆಗಿರಬೇಕು. 8ನೇ ತಲೆಮಾರು ಮಾರುಕಟ್ಟೆಗೆ ಬಂದಿದ್ದೇ 2017ರಲ್ಲಿ. ಅಂದರೆ ಅದಕ್ಕೂ ಮೊದಲು ತಗೊಂಡ ಗಟ್ಟಿಮುಟ್ಟಾದ ಐ5 ಡೆಸ್ಕ್‌ಟಾಪ್ ಕೂಡ ಪಟ್ಟಿಯಿಂದ ಹೊರಗೆ.

ಈ ಕಂಪ್ಯೂಟರ್ ಇಟ್ಟುಕೊಂಡವರ ಮುಂದೆ ಕೆಲವು ದಾರಿಗಳಿವೆ. ಮೈಕ್ರೋಸಾಫ್ಟ್‌ನ ಹೆಚ್ಚುವರಿ ಭದ್ರತಾ ಯೋಜನೆಗೆ ಸೇರಿಕೊಂಡರೆ ಮನೆ ಬಳಕೆಯ ಕಂಪ್ಯೂಟರಿಗೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಸಿಗುತ್ತದೆ. ಅದಕ್ಕೆ 30 ಡಾಲರ್ ಕೊಡಬಹುದು, ಇಲ್ಲವೇ ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ ಬ್ಯಾಕಪ್ ಮಾಡಿ ಹಣ ಕೊಡದೆಯೂ ಪಡೆಯಬಹುದು. ನಿಯಮ ತಪ್ಪಿಸಿ ವಿಂಡೋಸ್ 11 ಹಾಕುವವರೂ ಇದ್ದಾರೆ. ಅಂಥ ಕಂಪ್ಯೂಟರಿಗೆ ಅಪ್‌ಡೇಟ್ ಸಿಗುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ಏನೂ ಮಾಡದೆ ಹಾಗೇ ಓಡಿಸುವವರು ಬಹಳ ಜನ. ತೊಂದರೆ ಇವತ್ತೇ ಕಾಣುವುದಿಲ್ಲ. ಹೊಸ ದೋಷ ಪತ್ತೆಯಾದಾಗಲೆಲ್ಲ ಅದು ಆ ಕಂಪ್ಯೂಟರಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಅದೇ ಕಂಪ್ಯೂಟರಿನಲ್ಲಿ ಊರಿನವರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್, ಉತಾರ, ಬೆಳೆವಿಮೆ ಅರ್ಜಿ ಎಲ್ಲ ಇರುತ್ತವೆ. ನಷ್ಟ ಅಂಗಡಿಯವರೊಬ್ಬರದ್ದೇ ಅಲ್ಲ.

ಕೊನೆಯ ದಾರಿ ಲಿನಕ್ಸ್.

ಡಿಸ್ಟ್ರೋದಲ್ಲಿ ನೋಡಬೇಕಾದ ಮೊದಲ ಸಂಗತಿ

ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಎಲ್ಲದರ ಒಳಗಿರುವ ಕರ್ನಲ್, ಅಂದರೆ ತಿರುಳು, ಲಿನಕ್ಸ್ ಒಂದೇ. ಅದರ ಸುತ್ತ ಯಾವ ಸಾಫ್ಟ್‌ವೇರ್ ಕಟ್ಟಿಕೊಡುತ್ತಾರೆ, ಮೊದಲಿಗೆ ಯಾವ ಸೆಟ್ಟಿಂಗ್ ಇಡುತ್ತಾರೆ, ಎಷ್ಟು ಕಾಲ ನೋಡಿಕೊಳ್ಳುತ್ತಾರೆ ಅನ್ನುವುದರಲ್ಲಿ ಅವು ಬೇರೆ ಬೇರೆ.

ಕೊನೆಯದ್ದನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಉಬುಂಟುವಿನಲ್ಲಿ ಎರಡು ಬಗೆ ಇವೆ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಗೆ 5 ವರ್ಷ ಅಪ್‌ಡೇಟ್ ಇರುತ್ತದೆ. ನಡುವೆ ಬರುವ ಆವೃತ್ತಿಗಳಿಗೆ ಬರೀ 9 ತಿಂಗಳು. 2024ರ ಅಕ್ಟೋಬರ್‌ನಲ್ಲಿ ಬಂದ 24.10ರ ಆಯಸ್ಸು 2025ರ ಜುಲೈನಲ್ಲೇ ಮುಗಿಯಿತು. ಅದಕ್ಕೂ ಆರು ತಿಂಗಳು ಮೊದಲು ಬಂದ 24.04ಕ್ಕೆ 2029ರವರೆಗೆ ಅಪ್‌ಡೇಟ್ ಇದೆ.

ಗೊತ್ತಿಲ್ಲದವರಿಗೆ 24.10 ಅನ್ನುವುದೇ ಹೊಸದು, ಅಂದರೆ ಒಳ್ಳೆಯದು ಅನ್ನಿಸುತ್ತದೆ. ಅದನ್ನೇ ಪೆನ್‌ಡ್ರೈವ್‌ಗೆ ಹಾಕಿ ಹತ್ತು ಕಡೆ ಇನ್‌ಸ್ಟಾಲ್ ಮಾಡುತ್ತಾರೆ. ಅವಧಿ ಮುಗಿದ ಮೇಲೆ ಅದರ ಸಾಫ್ಟ್‌ವೇರ್ ಭಂಡಾರವನ್ನು ಹಳೆಯವುಗಳ ಜಾಗಕ್ಕೆ ಸಾಗಿಸುತ್ತಾರೆ. ಆಮೇಲೆ ಅಪ್‌ಡೇಟ್ ಒತ್ತಿದರೆ '404' ಅನ್ನುವ ದೋಷ ಬರುತ್ತದೆ. ಹೊಸ ಪ್ರೋಗ್ರಾಂ ಹಾಕಲು ಹೋದರೂ ಅದೇ. ಬಳಸುವವರಿಗೆ ಕಾರಣ ತಿಳಿಯುವುದಿಲ್ಲ, 'ಲಿನಕ್ಸ್ ಕೆಟ್ಟಿತು' ಅಂತ ಮತ್ತೆ ವಿಂಡೋಸ್‌ನ ಕ್ರ್ಯಾಕ್ ಪ್ರತಿ ಹಾಕಿಸುತ್ತಾರೆ. ಇಲ್ಲಿ ಕೆಟ್ಟಿದ್ದು ಏನೂ ಇಲ್ಲ. ಡೌನ್‌ಲೋಡ್ ಮಾಡುವಾಗ ಎಲ್‌ಟಿಎಸ್ ಅನ್ನುವ ಮೂರಕ್ಷರ ನೋಡದೇ ಇದ್ದದ್ದಷ್ಟೇ.

ಲಿನಕ್ಸ್ ಮಿಂಟ್ 22 ಈ ಉಬುಂಟು 24.04ರ ಮೇಲೆಯೇ ಕಟ್ಟಿದ್ದು, ಹಾಗಾಗಿ ಅದಕ್ಕೂ 2029ರವರೆಗೆ ಬೆಂಬಲ ಇದೆ. ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಜಿಬಿ ಇದ್ದರೆ ಆರಾಮ. ವಿಂಡೋಸ್ 7 ಕಾಲದಿಂದ ಬಂದವರಿಗೆ ಅದರ ಮೆನು, ಟಾಸ್ಕ್‌ಬಾರ್ ಪರಿಚಿತ ಅನ್ನಿಸುತ್ತವೆ. ಹಳೆ ಕಂಪ್ಯೂಟರಿಗೆ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ.

ಕಾಲಿಯ ಮಾತು ಇಲ್ಲೇ ಮುಗಿಸಬಹುದು. ಅದು ಭದ್ರತಾ ಪರೀಕ್ಷೆ ಮಾಡುವವರ ಸಲಕರಣೆ. ದಿನದ ಕೆಲಸಕ್ಕೆ, ಅದರಲ್ಲೂ ಲಿನಕ್ಸ್ ಹೊಸತಾದವರಿಗೆ, ತಾವು ಅದನ್ನು ಶಿಫಾರಸು ಮಾಡುವುದಿಲ್ಲ ಅಂತ ಕಾಲಿ ತಯಾರಕರೇ ಬರೆದಿದ್ದಾರೆ.

ಫೈರ್‌ವಾಲ್ ಒಳಗೇ ಇದೆ, ಆದರೆ ಆಫ್ ಆಗಿದೆ

ಹೊಸದಾಗಿ ಉಬುಂಟು ಅಥವಾ ಮಿಂಟ್ ಹಾಕಿದವರು ಗಾಬರಿಯಾಗುವುದು ಇಲ್ಲಿ. ವಿಂಡೋಸ್‌ನಲ್ಲಿ ಫೈರ್‌ವಾಲ್ ಮೊದಲಿನಿಂದಲೇ ಆನ್ ಇರುತ್ತದೆ. ಉಬುಂಟು, ಮಿಂಟ್‌ಗಳಲ್ಲಿ ಯುಎಫ್‌ಡಬ್ಲ್ಯು ಅನ್ನುವ ಫೈರ್‌ವಾಲ್ ಇದ್ದರೂ ಆಫ್ ಆಗಿರುತ್ತದೆ. ಭದ್ರತೆಗೆ ಹೆಸರಾದ ಲಿನಕ್ಸ್‌ನಲ್ಲಿ ಹೀಗೇಕೆ?

ತಡೆಯುವ ಶಕ್ತಿ ಇರುವುದು ಕರ್ನಲ್‌ನಲ್ಲಿ, ನೆಟ್‌ಫಿಲ್ಟರ್ ಅನ್ನುವ ಭಾಗದಲ್ಲಿ. ಐಪಿಟೇಬಲ್ಸ್, ಅದರ ನಂತರ ಬಂದ ಎನ್‌ಎಫ್‌ಟೇಬಲ್ಸ್ ಇವು ಅದಕ್ಕೆ ನಿಯಮ ತಿಳಿಸುವ ಸಲಕರಣೆಗಳು. ಆ ನಿಯಮ ಬರೆಯುವುದು ಕಷ್ಟ ಅಂತಲೇ 2008ರ ಉಬುಂಟು 8.04ರಿಂದ ಯುಎಫ್‌ಡಬ್ಲ್ಯು ಕೊಟ್ಟರು. ಫೆಡೋರಾದಲ್ಲಿ ಅದೇ ಕೆಲಸವನ್ನು ಫೈರ್‌ವಾಲ್‌ಡಿ ಮಾಡುತ್ತದೆ.

ಆಫ್ ಇಟ್ಟಿದ್ದೇ ಸರಿ ಅನ್ನುವವರ ವಾದ ಹೀಗೆ. ಹೊಸದಾಗಿ ಹಾಕಿದ ಉಬುಂಟುವಿನಲ್ಲಿ ಹೊರಗಿನ ಸಂಪರ್ಕಕ್ಕೆ ಕಾಯುತ್ತಾ ಕೂತ ಸೇವೆ ಹೆಚ್ಚೂಕಡಿಮೆ ಇಲ್ಲ. ಬಾಗಿಲೇ ಇಲ್ಲದ ಗೋಡೆಗೆ ಕಾವಲುಗಾರ ಯಾಕೆ ಅನ್ನುವುದು ಅವರ ಪ್ರಶ್ನೆ. ಮನೆಯ ರೂಟರ್ ಹೇಗೂ ಹೊರಗಿನವರನ್ನು ತಡೆಯುತ್ತದೆ. ಫೈರ್‌ವಾಲ್ ಆನ್ ಇಟ್ಟರೆ ಹೊಸಬರ ಪ್ರಿಂಟರ್ ಶೇರ್, ಫೋಲ್ಡರ್ ಶೇರ್ ನಿಂತುಹೋಗುತ್ತವೆ, ಕಾರಣ ಗೊತ್ತಾಗದೆ ಒದ್ದಾಡುತ್ತಾರೆ.

ಈ ವಾದ ಸುಳ್ಳಲ್ಲ. ಆದರೆ ಅದು ಮೊದಲ ದಿನದ ಕಂಪ್ಯೂಟರಿಗೆ ಮಾತ್ರ ಸರಿ. ಬಳಸುತ್ತಾ ಹೋದಂತೆ ಫೋಲ್ಡರ್ ಹಂಚಲು ಸಾಂಬಾ ಹಾಕುತ್ತೇವೆ, ದೂರದಿಂದ ನೋಡಲು ಎಸ್‌ಎಸ್‌ಎಚ್ ಹಾಕುತ್ತೇವೆ, ಫೋನ್ ಜೋಡಿಸಲು ಕೆಡಿಇ ಕನೆಕ್ಟ್ ಹಾಕುತ್ತೇವೆ. ಪ್ರತಿಯೊಂದೂ ತನ್ನದೇ ಪೋರ್ಟ್‌ಗಳನ್ನು, ಅಂದರೆ ನೆಟ್‌ವರ್ಕಿನಿಂದ ಒಳಬರುವ ಸಂಖ್ಯೆ ಹಾಕಿದ ಬಾಗಿಲುಗಳನ್ನು, ತೆರೆಯುತ್ತದೆ. ಯಾವುದು ತೆರೆದಿದೆ ಅನ್ನುವ ನೆನಪು ಯಾರಿಗೂ ಇರುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಇದು ಬರೀ ವಾದವಾಗಿ ಉಳಿಯಲಿಲ್ಲ. ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆ ಕಪ್ಸ್‌ನ ಜೊತೆ ಬರುವ ಒಂದು ಸೇವೆ ನೆಟ್‌ವರ್ಕಿನ ಪ್ರಿಂಟರ್ ಹುಡುಕಲು ಯುಡಿಪಿ 631ನೇ ಪೋರ್ಟಿನಲ್ಲಿ ಎಲ್ಲರ ಮಾತಿಗೂ ಕಿವಿಗೊಡುತ್ತಿತ್ತು. ಆಚೆಯವನು ಅಲ್ಲಿಗೆ ಒಂದು ಪ್ಯಾಕೆಟ್ ಕಳಿಸಿ ನಕಲಿ ಪ್ರಿಂಟರ್ ಸೇರಿಸಬಹುದಿತ್ತು. ಬಳಸುವವರು ಅದಕ್ಕೆ ಪ್ರಿಂಟ್ ಕೊಟ್ಟರೆ ಅವನ ಆದೇಶ ಆ ಕಂಪ್ಯೂಟರಿನಲ್ಲಿ ನಡೆಯುವಂತೆ ಮಾಡಬಹುದಿತ್ತು. ಡಿಸ್ಟ್ರೋಗಳು ಬೇಗನೆ ತಿದ್ದುಪಡಿ ಕೊಟ್ಟವು. ಆದರೆ ಯುಎಫ್‌ಡಬ್ಲ್ಯು ಆನ್ ಇದ್ದ ಕಂಪ್ಯೂಟರಿನಲ್ಲಿ, ತಿದ್ದುಪಡಿಗೆ ಮೊದಲೇ, 631ಕ್ಕೆ ಬಂದ ಆ ಪ್ಯಾಕೆಟ್ ಅಲ್ಲೇ ನಿಲ್ಲುತ್ತಿತ್ತು.

ರೂಟರ್ ಕಾಯುತ್ತದೆ ಅನ್ನುವ ಮಾತಿಗೂ ಮಿತಿ ಇದೆ. ವಿಜಯಪುರದ ಹಾಸ್ಟೆಲ್, ಪಿಜಿ, ಕೋಚಿಂಗ್ ಕ್ಲಾಸ್‌ಗಳಲ್ಲಿ ಒಂದೇ ವೈಫೈಗೆ ಹತ್ತಾರು ಜನ ಜೋಡಿಸಿಕೊಂಡಿರುತ್ತಾರೆ. ರೂಟರ್ ತಡೆಯುವುದು ಇಂಟರ್‌ನೆಟ್ಟಿನಿಂದ ಬರುವವರನ್ನು. ಪಕ್ಕದ ರೂಮಿನ ಲ್ಯಾಪ್‌ಟಾಪನ್ನು ಅದು ಸಾಮಾನ್ಯವಾಗಿ ತಡೆಯುವುದಿಲ್ಲ. ಇನ್ನು ಹಳೆಯ ಐಪಿವಿ4 ವಿಳಾಸದಲ್ಲಿ ನ್ಯಾಟ್‌ನಿಂದ (ಒಳಗಿನ ಎಲ್ಲ ಕಂಪ್ಯೂಟರಿಗೂ ಹೊರಗೆ ಒಂದೇ ವಿಳಾಸ ಕಾಣಿಸುವ ವ್ಯವಸ್ಥೆ) ತಾನಾಗಿ ಸಿಗುವ ಮರೆ ಐಪಿವಿ6ನಲ್ಲಿ ಇಲ್ಲ. ಅಲ್ಲಿ ರೂಟರಿನೊಳಗಿನ ಫೈರ್‌ವಾಲ್ ಸರಿಯಾಗಿದ್ದರೆ ಮಾತ್ರ ರಕ್ಷಣೆ.

ಇನ್ನೊಂದು ಸೂಕ್ಷ್ಮ ಇದೆ. ಆನ್ ಇದೆ ಅಂದಮಾತ್ರಕ್ಕೆ ಎಲ್ಲ ಮುಚ್ಚಿದೆ ಅಂತ ತಿಳಿಯಬಾರದು. ಫೆಡೋರಾ ವರ್ಕ್‌ಸ್ಟೇಷನ್‌ನಲ್ಲಿ ಫೈರ್‌ವಾಲ್ ಮೊದಲಿನಿಂದ ಆನ್ ಇದ್ದರೂ 1025ರಿಂದ 65535ರವರೆಗಿನ ಪೋರ್ಟ್‌ಗಳನ್ನು ಬಿಟ್ಟಿರುತ್ತಾರೆ, ಬಳಸುವವರಿಗೆ ತೊಡಕಾಗಬಾರದು ಅಂತ. ನನ್ನ ಅಭಿಪ್ರಾಯ ಸ್ಪಷ್ಟ: ನಮ್ಮ ಕಡೆ ಜನ ಬಳಸುವ ರೀತಿಗೆ ಫೈರ್‌ವಾಲ್ ಆನ್ ಇರಬೇಕು, ಬೇಕಾದಷ್ಟು ಮಾತ್ರ ತೆರೆಯಬೇಕು.

ಮೂರು ಕಂಪ್ಯೂಟರಿನ ಅಂಗಡಿಯಲ್ಲಿ ಏನಾಗುತ್ತದೆ

ಒಂದು ಆನ್‌ಲೈನ್ ಸೆಂಟರ್ ಅಂದುಕೊಳ್ಳಿ. ಮೂರು ಕಂಪ್ಯೂಟರ್. ಪ್ರಿಂಟರ್ ಜೋಡಿಸಿದ್ದು ಒಂದಕ್ಕೆ. ಗಿರಾಕಿಗಳ ಸ್ಕ್ಯಾನ್ ಫೈಲ್ ಇರುವ ಫೋಲ್ಡರ್ ಕೂಡ ಅದರಲ್ಲೇ. ಮೂರಕ್ಕೂ ಮಿಂಟ್ ಹಾಕಿದ್ದಾರೆ, ಹಂಚಿಕೆ ಚೆನ್ನಾಗಿ ನಡೆಯುತ್ತಿದೆ.

ಮೆನುವಿನಲ್ಲಿ ಫೈರ್‌ವಾಲ್ ಅಂತ ಹುಡುಕಿದರೆ ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ಮೇಲೆ ಪ್ರೊಫೈಲ್ ಅಂತ ಇದ್ದು ಹೋಮ್, ಆಫೀಸ್, ಪಬ್ಲಿಕ್ ಅನ್ನುವ ಆಯ್ಕೆ ಇವೆ. ಕೆಳಗೆ ಸ್ಟೇಟಸ್ ಬಟನ್. ಅದನ್ನು ಆನ್ ಮಾಡಿ, ಇನ್‌ಕಮಿಂಗ್ ಎದುರು 'ಡಿನೈ', ಔಟ್‌ಗೋಯಿಂಗ್ ಎದುರು 'ಅಲೋ' ಇದ್ದರೆ ಮುಖ್ಯ ಕೆಲಸ ಮುಗಿಯಿತು. ನೆಟ್ ನೋಡುವುದು, ಅರ್ಜಿ ತುಂಬುವುದು, ವಿಡಿಯೊ ಕಾಲ್ ಯಾವುದೂ ನಿಲ್ಲುವುದಿಲ್ಲ. ಇವೆಲ್ಲ ಒಳಗಿನಿಂದ ಶುರುವಾಗುವ ಸಂಪರ್ಕ, ಅದಕ್ಕೆ ಬರುವ ಉತ್ತರವನ್ನು ಫೈರ್‌ವಾಲ್ ಬಿಡುತ್ತದೆ.

ಪ್ರಿಂಟರ್ ಇರುವ ಕಂಪ್ಯೂಟರಿನಲ್ಲಿ ಇದನ್ನು ಆನ್ ಮಾಡಿದ ಕೂಡಲೇ ಉಳಿದ ಎರಡರಲ್ಲಿ ಫೋಲ್ಡರ್ ತೆರೆಯುವುದಿಲ್ಲ, ಪ್ರಿಂಟ್ ಹೋಗುವುದಿಲ್ಲ. ಬಹಳ ಜನ ಇಲ್ಲಿ ಸೋತು ಫೈರ್‌ವಾಲ್ ಆಫ್ ಮಾಡಿ ಮರೆತುಬಿಡುತ್ತಾರೆ. ಮಾಡಬೇಕಾದದ್ದು ಎರಡೇ ನಿಯಮ: ಸಾಂಬಾದ 445, ಪ್ರಿಂಟಿಂಗಿನ 631, ಎರಡನ್ನೂ ಟಿಸಿಪಿಯಲ್ಲಿ ಬಿಡುವುದು. ಬಿಡುವಾಗ 'ಎಲ್ಲಿಂದಲಾದರೂ' ಅಂತ ಇಡದೆ, ಅಂಗಡಿಯ ಒಳಗಿನ ವಿಳಾಸಗಳಿಗೆ ಮಾತ್ರ, ಅಂದರೆ 192.168.1.0/24 ಇಂಥದ್ದಕ್ಕೆ ಮಾತ್ರ ಬಿಡಬೇಕು. ಗಿರಾಕಿಗಳಿಗೂ ಅದೇ ವೈಫೈ ಪಾಸ್‌ವರ್ಡ್ ಕೊಟ್ಟಿದ್ದರೆ ಈ ಮಿತಿಯೂ ಕೆಲಸಕ್ಕೆ ಬರುವುದಿಲ್ಲ. ರೂಟರಿನಲ್ಲಿ ಗೆಸ್ಟ್ ವೈಫೈ ಇದ್ದರೆ ಅವರಿಗೆ ಅದನ್ನೇ ಕೊಡಬೇಕು.

ಕಾಲೇಜು ಲ್ಯಾಬ್ ನೋಡಿಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಕುಂತಲ್ಲೇ ಎಸ್‌ಎಸ್‌ಎಚ್ ಮೂಲಕ ನಲವತ್ತು ಕಂಪ್ಯೂಟರಿನ ಫೈರ್‌ವಾಲ್ ಆನ್ ಮಾಡುವವರು ಮೊದಲು 22ನೇ ಪೋರ್ಟ್ ಬಿಡುವ ನಿಯಮ ಸೇರಿಸಬೇಕು, ಆಮೇಲೆ ಆನ್ ಮಾಡಬೇಕು. ಕ್ರಮ ತಪ್ಪಿದರೆ ಒಂದೊಂದು ಕಂಪ್ಯೂಟರಿನ ಮುಂದೆ ಎದ್ದು ಹೋಗಿ ಕೂರಬೇಕಾಗುತ್ತದೆ. ಡಾಕರ್ ಬಳಸುವ ವಿದ್ಯಾರ್ಥಿಗಳೂ ಗಮನಿಸಬೇಕು: ಡಾಕರ್ ಹೊರಗೆ ತೆರೆಯುವ ಪೋರ್ಟ್‌ಗಳಿಗೆ ಯುಎಫ್‌ಡಬ್ಲ್ಯು ನಿಯಮ ತಾಗುವುದಿಲ್ಲ, ಅದು ನೇರವಾಗಿ ಐಪಿಟೇಬಲ್ಸ್‌ಗೆ ತನ್ನದೇ ನಿಯಮ ಬರೆಯುತ್ತದೆ.

ಇಷ್ಟೆಲ್ಲ ಮಾಡಿದರೂ ಫೈರ್‌ವಾಲ್‌ಗೆ ಕಾಣದ ಒಂದು ದಾರಿ ಉಳಿಯುತ್ತದೆ. ನಾವೇ ಪಾಸ್‌ವರ್ಡ್ ಕೊಟ್ಟು ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಅದು.

ಸಾಫ್ಟ್‌ವೇರ್ ಎಲ್ಲಿಂದ ಬರುತ್ತದೆ

ವಿಂಡೋಸ್‌ನ ರೂಢಿ ನಮಗೆ ಗೊತ್ತು. ಗೂಗಲ್‌ನಲ್ಲಿ ಹುಡುಕುವುದು, ಯಾವುದೋ ತಾಣದಿಂದ ಸೆಟಪ್ ಫೈಲ್ ಇಳಿಸುವುದು, ನೆಕ್ಸ್ಟ್ ನೆಕ್ಸ್ಟ್ ಒತ್ತುವುದು. ಲಿನಕ್ಸ್‌ನಲ್ಲಿ ಡಿಸ್ಟ್ರೋದವರೇ ಸಾವಿರಾರು ಪ್ಯಾಕೇಜ್‌ಗಳನ್ನು ಜೋಡಿಸಿ, ಡಿಜಿಟಲ್ ಸಹಿ ಹಾಕಿ, ಒಂದು ಭಂಡಾರದಲ್ಲಿ ಇಟ್ಟಿರುತ್ತಾರೆ. ಉಬುಂಟು, ಮಿಂಟ್‌ಗಳಲ್ಲಿ ಏಪಿಟಿ ಅನ್ನುವ ಸಲಕರಣೆ ಅಲ್ಲಿಂದ ತರುತ್ತದೆ. ಸಹಿ ತಾಳೆಯಾಗದಿದ್ದರೆ ಬೇಡ ಅನ್ನುತ್ತದೆ. ಒಂದು ಪ್ರೋಗ್ರಾಂಗೆ ಬೇಕಾದ ಬೇರೆ ತುಣುಕುಗಳನ್ನೂ ತಾನೇ ತರುತ್ತದೆ. ಒಂದು ಅಪ್‌ಡೇಟ್‌ಗೆ ಇಡೀ ಕಂಪ್ಯೂಟರಿನ ಸಾಫ್ಟ್‌ವೇರ್ ಹೊಸದಾಗುತ್ತದೆ.

ಇದು ಇಷ್ಟೇ ಆಗಿದ್ದರೆ ಜಗಳ ಇರುತ್ತಿರಲಿಲ್ಲ. ಎಲ್‌ಟಿಎಸ್ ಭಂಡಾರದ ಪ್ರೋಗ್ರಾಂಗಳು ಹಳೆಯವು. ಭದ್ರತಾ ತಿದ್ದುಪಡಿ ಬರುತ್ತದೆ, ಹೊಸ ಸೌಲಭ್ಯ ಬರುವುದಿಲ್ಲ. ಆ ಕೊರತೆ ತುಂಬಲು ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಹುಟ್ಟಿದವು. ಪ್ರೋಗ್ರಾಂ ತನಗೆ ಬೇಕಾದ್ದನ್ನು ಕಟ್ಟಿಕೊಂಡೇ ಬರುತ್ತದೆ, ಉಳಿದ ವ್ಯವಸ್ಥೆಯಿಂದ ಸ್ವಲ್ಪ ಬೇಲಿ ಹಾಕಿಕೊಂಡು ನಡೆಯುತ್ತದೆ.

ಉಬುಂಟು ಕಟ್ಟುವ ಕೆನೋನಿಕಲ್ ಕಂಪನಿ ಸ್ನ್ಯಾಪ್ ಕಡೆ ಇದೆ. ಫೈರ್‌ಫಾಕ್ಸ್‌ನ ಸ್ನ್ಯಾಪನ್ನು ಮೊಜಿಲ್ಲಾದವರೇ ಕೊಡುತ್ತಾರೆ, ಹೊಸ ಆವೃತ್ತಿ ಬೇಗ ತಲುಪುತ್ತದೆ ಅನ್ನುವುದು ಅವರ ಸಮರ್ಥನೆ. ಮಿಂಟ್‌ನವರು 2020ರ ಮಿಂಟ್ 20ರಿಂದ ಸ್ನ್ಯಾಪನ್ನು ತಾನಾಗಿ ಬರದಂತೆ ತಡೆದಿದ್ದಾರೆ. ಏಪಿಟಿಗೆ ಕ್ರೋಮಿಯಂ ತಾ ಅಂದರೆ ಅದು ಹೇಳದೆ ಕೇಳದೆ ಸ್ನ್ಯಾಪ್ ತರುತ್ತದೆ, ಆ ಸ್ನ್ಯಾಪ್ ಅಂಗಡಿ ಒಂದೇ ಕಂಪನಿಯ ಕೈಯಲ್ಲಿದೆ ಅನ್ನುವುದು ಅವರ ಆಕ್ಷೇಪ. ಮಿಂಟ್ ಫ್ಲಾಟ್‌ಪ್ಯಾಕ್ ಒಪ್ಪಿಕೊಂಡಿದೆ, ಆದರೆ ತಯಾರಕರ ಗುರುತು ಖಾತ್ರಿಯಾಗದ ಫ್ಲಾಟ್‌ಪ್ಯಾಕ್‌ಗಳನ್ನು ಮಿಂಟ್ 22ರಲ್ಲಿ ಮೊದಲಿಗೆ ಕಾಣಿಸುವುದಿಲ್ಲ.

ನಮ್ಮ ಕಡೆ ಇದರ ಪರಿಣಾಮ ಕಾಣುವುದು ಡೇಟಾ ಪ್ಯಾಕ್‌ನಲ್ಲಿ. ಮೊದಲ ಫ್ಲಾಟ್‌ಪ್ಯಾಕ್ ಹಾಕಿದಾಗ ಅದರ ಜೊತೆ ನೂರಾರು ಎಂಬಿಯ ರನ್‌ಟೈಮ್ ಇಳಿಯುತ್ತದೆ. ಸ್ನ್ಯಾಪ್ ದಿನಕ್ಕೆ ನಾಲ್ಕು ಸಲ ತಾನೇ ಅಪ್‌ಡೇಟ್ ಹುಡುಕುತ್ತದೆ. ಸಿಂದಗಿ, ಇಂಡಿ ಕಡೆಯ ಹಳ್ಳಿಯಲ್ಲಿ ಫೋನ್ ಹಾಟ್‌ಸ್ಪಾಟ್ ಮೇಲೆ ಕೆಲಸ ಮಾಡುವವರ ದಿನದ ಡೇಟಾ ಮಧ್ಯಾಹ್ನಕ್ಕೇ ಖಾಲಿಯಾಗಬಹುದು. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಆ ಹಾಟ್‌ಸ್ಪಾಟನ್ನು 'ಮೀಟರ್ಡ್' ಅಂತ ಗುರುತಿಸಿ, ಮೀಟರ್ಡ್ ಇದ್ದಾಗ ಕಾಯಬೇಕು ಅಂತ ಸ್ನ್ಯಾಪ್‌ಗೂ ಹೇಳಬಹುದು. ಇದನ್ನು ಇನ್‌ಸ್ಟಾಲ್ ಮಾಡಿಕೊಡುವವರೇ ಮಾಡಿಕೊಟ್ಟರೆ ಚೆನ್ನ.

ನಂಬಿಕೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. 2025ರ ಜುಲೈನಲ್ಲಿ ಆರ್ಚ್ ಲಿನಕ್ಸ್‌ನ ಬಳಕೆದಾರರ ಭಂಡಾರವಾದ ಎಯುಆರ್‌ಗೆ ಬ್ರೌಸರ್ ಸರಿಪಡಿಸುವ ಹೆಸರಿನಲ್ಲಿ ಕೆಲವು ಪ್ಯಾಕೇಜ್ ಸೇರಿಸಿದರು. ಒಳಗಿದ್ದದ್ದು ಕಂಪ್ಯೂಟರನ್ನು ದೂರದಿಂದ ನಡೆಸುವ ಕಳ್ಳ ತಂತ್ರಾಂಶ. ಎರಡು ದಿನದಲ್ಲಿ ತೆಗೆದುಹಾಕಿದರು. ಆ ಭಂಡಾರಕ್ಕೆ ಯಾರು ಬೇಕಾದರೂ ಸೇರಿಸಬಹುದು, ಡಿಸ್ಟ್ರೋದವರು ಮೊದಲೇ ಪರೀಕ್ಷಿಸಿರುವುದಿಲ್ಲ. ಉಬುಂಟುವಿನಲ್ಲಿ ಒಬ್ಬೊಬ್ಬರು ತೆರೆಯುವ ಖಾಸಗಿ ಭಂಡಾರಗಳಾದ ಪಿಪಿಎಗಳ ಕಥೆಯೂ ಅದೇ. ಯೂಟ್ಯೂಬ್ ನೋಡಿ ಪಿಪಿಎ ಸೇರಿಸುವಾಗ ನಾವು ಒಂದು ಪ್ರೋಗ್ರಾಂ ಮಾತ್ರ ತರುತ್ತಿಲ್ಲ, ಅದನ್ನು ನಡೆಸುವ ವ್ಯಕ್ತಿ ಮುಂದೆ ಕಳಿಸುವ ಎಲ್ಲ ಅಪ್‌ಡೇಟ್‌ಗೂ ಒಪ್ಪಿಗೆ ಕೊಡುತ್ತಿದ್ದೇವೆ.

ನಿಧಾನದ ಭಂಡಾರದ ಬೆಲೆ ತಿಳಿದದ್ದು 2024ರ ಮಾರ್ಚ್ 29ರಂದು. ಎಕ್ಸ್‌ಝಡ್ ಅನ್ನುವ, ಫೈಲ್ ಕುಗ್ಗಿಸುವ ಚಿಕ್ಕ ಸಲಕರಣೆಯ 5.6.0, 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಅಡಗಿಸಿಟ್ಟದ್ದು ಬಯಲಾಯಿತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಅಂತ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಎಂಜಿನಿಯರ್ ಅದನ್ನು ಹಿಡಿದರು. ಡೆಬಿಯನ್‌ನ ಪರೀಕ್ಷಾ ಆವೃತ್ತಿಗೆ, ಫೆಡೋರಾದ ಬಿಡುಗಡೆಯಾಗದ ಆವೃತ್ತಿಗೆ ಅದು ತಲುಪಿತ್ತು. ಡೆಬಿಯನ್‌ನ ಸ್ಥಿರ ಆವೃತ್ತಿಗೆ, ಉಬುಂಟುವಿನ ಬಿಡುಗಡೆಯಾಗಿದ್ದ ಎಲ್‌ಟಿಎಸ್‌ಗಳಿಗೆ ತಲುಪಿರಲಿಲ್ಲ. 'ಹಳೆ ಆವೃತ್ತಿ' ಅಂತ ಬೈಸಿಕೊಳ್ಳುವ ಭಂಡಾರ ಅಂದು ಜನರನ್ನು ಕಾಪಾಡಿತು. ಅಂಗಡಿ, ಶಾಲೆ, ಕಚೇರಿಗೆ ಮೊದಲು ಏಪಿಟಿ, ಅಲ್ಲಿ ಇಲ್ಲದಿದ್ದರೆ ಗುರುತು ಖಾತ್ರಿಯಾದ ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್, ಪಿಪಿಎ ಅಂತೂ ಅನಿವಾರ್ಯ ಇದ್ದಾಗ ಮಾತ್ರ ಅನ್ನುವ ಕ್ರಮ ನನಗೆ ಸರಿ ಕಾಣುವುದು ಇದಕ್ಕೇ.

ಅಪ್‌ಡೇಟ್ ನಡುವೆ ಕರೆಂಟ್ ಹೋದರೆ

ಬೇಸಿಗೆಯಲ್ಲಿ ನಮ್ಮ ಕಡೆ ಇದು ಅಪರೂಪದ ಸಂಗತಿ ಅಲ್ಲ. ಯುಪಿಎಸ್ ಬ್ಯಾಟರಿ ಸತ್ತ ಡೆಸ್ಕ್‌ಟಾಪ್‌ನಲ್ಲಿ ಪ್ಯಾಕೇಜ್ ಅರ್ಧ ಬಿಚ್ಚಿದಾಗ ಕರೆಂಟ್ ಹೋದರೆ, ಮುಂದೆ ಏನು ಹಾಕಲು ಹೋದರೂ 'ಡಿಪಿಕೆಜಿ (ಪ್ಯಾಕೇಜ್ ಕೂರಿಸುವ ಸಲಕರಣೆ) ನಡುವೆ ನಿಂತಿದೆ' ಅನ್ನುವ ಸಂದೇಶ ಬರುತ್ತದೆ. ಫಾರ್ಮ್ಯಾಟ್ ಮಾಡಬೇಕಿಲ್ಲ. ಯಾವ ಆದೇಶ ಕೊಡಬೇಕು ಅಂತ ಆ ಸಂದೇಶದಲ್ಲೇ ಬರೆದಿರುತ್ತದೆ. ಅದು ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನು ಪೂರ್ತಿ ಮಾಡುತ್ತದೆ. ಕರ್ನಲ್ ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೂ ಹಿಂದಿನ ಕರ್ನಲ್ ಸಾಮಾನ್ಯವಾಗಿ ಉಳಿದಿರುತ್ತದೆ, ಬೂಟ್ ಆಗುವಾಗ ಅದನ್ನು ಆರಿಸಿಕೊಳ್ಳಬಹುದು. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಮೊದಲೇ ಇದೆ. ಅದಕ್ಕೆ ವೇಳಾಪಟ್ಟಿ ಹಾಕಿಟ್ಟರೆ ವ್ಯವಸ್ಥೆಯನ್ನು ನಿನ್ನೆಯ ಸ್ಥಿತಿಗೆ ಮರಳಿಸಬಹುದು. ನಮ್ಮ ಸ್ವಂತ ಫೈಲ್‌ಗಳನ್ನು ಮಾತ್ರ ಅದು ತಾನಾಗಿ ಉಳಿಸುವುದಿಲ್ಲ, ಅವುಗಳ ಬ್ಯಾಕಪ್ ಬೇರೆ ಇರಬೇಕು.

ಯಾರು ಈಗಲೇ ಬದಲಾಯಿಸಬಹುದು, ಯಾರು ಕಾಯಬೇಕು

ಬ್ರೌಸರ್, ಪತ್ರ ಟೈಪ್ ಮಾಡುವುದು, ಲೆಕ್ಕದ ಹಾಳೆ, ಆನ್‌ಲೈನ್ ಕ್ಲಾಸ್, ಪ್ರೋಗ್ರಾಮಿಂಗ್ ಇಷ್ಟೇ ಇದ್ದವರು ಈಗಲೇ ಬದಲಾಯಿಸಬಹುದು. ಕೇರಳದ ಸರ್ಕಾರಿ ಶಾಲೆಗಳು ಕೈಟ್ ಸಂಸ್ಥೆಯ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿ ವರ್ಷಗಳಿಂದ ಕಲಿಸುತ್ತಿವೆ. ಅಲ್ಲಿ ಎಲ್ಲ ಶಾಲೆಗೂ ಒಂದೇ ವ್ಯವಸ್ಥೆ, ಶಿಕ್ಷಕರಿಗೆ ತರಬೇತಿ. ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಲಿನಕ್ಸ್ ಬಲ್ಲ ಹುಡುಗ ಹುಡುಗಿಯರಿದ್ದಾರೆ. ಒಬ್ಬೊಬ್ಬರು ಒಂದೊಂದು ಡಿಸ್ಟ್ರೋ ಹಾಕಿಕೊಡುವ ಬದಲು ಊರಿಗೆ ಒಂದೇ ಎಲ್‌ಟಿಎಸ್ ಅಂತ ಗೊತ್ತು ಮಾಡಿಕೊಂಡರೆ, ಒಬ್ಬರಿಗೆ ಬಂದ ತೊಂದರೆಯ ಉತ್ತರ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ.

ಬೆರಳಚ್ಚು ಯಂತ್ರದಲ್ಲಿ ಆಧಾರ್ ಪಾವತಿ ಮಾಡುವವರು, ಟ್ಯಾಲಿಯಲ್ಲಿ ಲೆಕ್ಕ ಇಡುವವರು, ಕೋರೆಲ್‌ಡ್ರಾದಲ್ಲಿ ಲಗ್ನಪತ್ರಿಕೆ ಮಾಡುವವರು ಆತುರ ಪಡಬಾರದು. ಟ್ಯಾಲಿ, ಕೋರೆಲ್‌ಡ್ರಾ ವಿಂಡೋಸ್‌ಗೆ ಮಾಡಿದವು. ಅಂಥ ಕೆಲಸಕ್ಕೆ ಒಂದು ಕಂಪ್ಯೂಟರನ್ನು ವಿಂಡೋಸ್‌ನಲ್ಲೇ ಉಳಿಸಿ, ಅದಕ್ಕೆ ಮಾತ್ರ ಹಣ ಹಾಕುವುದು ಜಾಣತನ. ಪ್ರಿಂಟರನ್ನೂ ಪರೀಕ್ಷಿಸಬೇಕು. ನಮ್ಮ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಕ್ಯಾಪ್ಟ್ ಅನ್ನುವ ಬೇರೆಯೇ ಡ್ರೈವರ್ ಬೇಕು, ಹೊಸ ಡಿಸ್ಟ್ರೋದಲ್ಲಿ ಅದನ್ನು ಕೂರಿಸುವುದು ಕಷ್ಟದ ಕೆಲಸ. ಎಚ್‌ಪಿ 1020 ನಡೆಯುತ್ತದೆ, ಆದರೆ ಎಚ್‌ಪಿಯ ಹೆಚ್ಚುವರಿ ಪ್ಲಗಿನ್ ಇಳಿಸಿಕೊಳ್ಳಬೇಕು. ಡಿಸ್ಕ್ ಅಳಿಸುವ ಮೊದಲು ಪೆನ್‌ಡ್ರೈವ್‌ನಿಂದಲೇ ಮಿಂಟ್ ನಡೆಸಿ ಒಂದು ಪುಟ ಪ್ರಿಂಟ್ ತೆಗೆದು ನೋಡಿದರೆ ಇದೆಲ್ಲ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಕನ್ನಡ ಟೈಪಿಂಗ್ ಬಗ್ಗೆ ಭಯ ಬೇಡ. ಲಿನಕ್ಸ್‌ನ ಟೈಪಿಂಗ್ ಸಲಕರಣೆ ಐಬಸ್‌ನಲ್ಲಿ ಕೆಜಿಪಿ ಅನ್ನುವ ಕೀಲಿಮಣೆ ವಿನ್ಯಾಸ ಸಿಗುತ್ತದೆ, ನುಡಿ ಕಲಿತ ಬೆರಳುಗಳಿಗೆ ಅದೇ ಕೀಲಿಗಳು. ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಭಂಡಾರದಲ್ಲೇ ಇವೆ. ತೊಡಕಿರುವುದು ಹಳೆ ಫೈಲ್‌ಗಳಲ್ಲಿ. 'ನುಡಿ 01 ಇ' ಥರದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಠರಾವು, ನೋಟಿಸು, ಪ್ರಶ್ನೆಪತ್ರಿಕೆಗಳ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ, ಫಾಂಟ್ ಹಾಕಿದರೂ ಕನ್ನಡದಲ್ಲಿ ಹುಡುಕಲು ಆಗುವುದಿಲ್ಲ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ತಪ್ಪಾಗಬಹುದು, ಹಾಗಾಗಿ ಹಳೆ ಪ್ರತಿಯನ್ನು ಪಕ್ಕದಲ್ಲಿಟ್ಟು ಓದಿ ನೋಡಬೇಕು. ಈ ಕೆಲಸವನ್ನು ವಿಂಡೋಸ್, ನುಡಿ ಎರಡೂ ಇನ್ನೂ ಇರುವಾಗಲೇ ಮುಗಿಸಿ, ಆಮೇಲೆ ಆ ಕಂಪ್ಯೂಟರಿನ ಡಿಸ್ಕ್ ಅಳಿಸಬೇಕು.